ಮೂಳೆ ಟೊಳ್ಳಾದಾಗ ಯಾವ ಔಷಧ? ಅಡ್ಡ ಪರಿಣಾಮ ನೋಡಿ ಆರಿಸುವ, ಬಂದರೆ ಸಂಭಾಳಿಸುವ ಸಮಗ್ರ ಮಾರ್ಗದರ್ಶಿ

ಮೂಳೆ ಟೊಳ್ಳಾಗುವ ಕಾಯಿಲೆಯಾದ ಆಸ್ಟಿಯೊಪೊರೋಸಿಸ್‌ನ ಮಾತ್ರೆ ಅರ್ಧಕ್ಕೇ ನಿಲ್ಲುವುದು ಹೆಚ್ಚಾಗಿ ಹೀಗೆ: ವಾರಕ್ಕೊಂದರಂತೆ ಮೂರು ಮಾತ್ರೆ ನುಂಗಿದ ಮೇಲೆ ಎದೆಯುರಿ ಶುರುವಾಗುತ್ತದೆ, ನಾಲ್ಕನೆಯದು ಸ್ಟ್ರಿಪ್‌ನಲ್ಲೇ ಉಳಿಯುತ್ತದೆ. ಮಾತ್ರೆ ಬಿಟ್ಟರೂ ಏನೂ ಆಗಿಲ್ಲವಲ್ಲ ಎಂಬ ಧೈರ್ಯ ಬೇರೆ. ಬಿ.ಪಿ.ಯಾದರೆ ಯಂತ್ರ ಕಟ್ಟಿ ನೋಡಬಹುದು, ಸಕ್ಕರೆಯಾದರೆ ಬೆರಳು ಚುಚ್ಚಿ ನೋಡಬಹುದು. ಮೂಳೆ ಮಾತ್ರ ಬಚ್ಚಲಲ್ಲಿ ಕಾಲು ಜಾರುವವರೆಗೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಯಾವ ಔಷಧ ಹೆಚ್ಚು ಬಲಶಾಲಿ ಎಂದು ಕೇಳುವ ಮೊದಲು, ಯಾವ ಔಷಧದ ತೊಂದರೆಯನ್ನು ನಿಮ್ಮ ಹೊಟ್ಟೆ, ಮೂತ್ರಪಿಂಡ, ಹಲ್ಲು ಮತ್ತು ದಿನಚರಿ ತಾಳಿಕೊಳ್ಳುತ್ತವೆ ಎಂದು ನೋಡಬೇಕು. ಹಾಗೆ ಆರಿಸಿದ ಔಷಧ ಮಧ್ಯದಲ್ಲಿ ನಿಲ್ಲುವುದು ಕಡಿಮೆ.

ಹೆಸರಿನ ಗೊಂದಲವೊಂದನ್ನು ಮೊದಲೇ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಮಂಡಿನೋವಿಗೂ ‘ಮೂಳೆ ಸವೆತ’ ಅನ್ನುತ್ತಾರೆ, ಮೂಳೆಯ ಸಾಂದ್ರತೆಯ ಅಳತೆಯಾದ ಟಿ-ಸ್ಕೋರ್ ಇಳಿದದ್ದಕ್ಕೂ ಅದನ್ನೇ ಅನ್ನುತ್ತಾರೆ. ಮಂಡಿಯಲ್ಲಿ ಸವೆಯುವುದು ಕೀಲಿನ ಮೃದ್ವಸ್ಥಿ, ಅಲ್ಲಿ ನೋವು ಇರುತ್ತದೆ. ಆಸ್ಟಿಯೊಪೊರೋಸಿಸ್‌ನಲ್ಲಿ ಮೂಳೆಯ ಒಳಗೇ ಟೊಳ್ಳು, ಮುರಿಯುವವರೆಗೆ ನೋವಿಲ್ಲ. ಇಲ್ಲಿ ಹೇಳುವ ಔಷಧಗಳೆಲ್ಲ ಎರಡನೆಯದಕ್ಕೆ. ಇವನ್ನು ತೆಗೆದುಕೊಂಡರೆ ಮಂಡಿನೋವು ಹೋಗುತ್ತದೆ ಎಂದು ಕಾದು, ಹೋಗಲಿಲ್ಲವೆಂದು ನಿಲ್ಲಿಸಿದವರು ಕಡಿಮೆಯಿಲ್ಲ.

ಔಷಧ ಬರೆಸುವ ಮೊದಲು

ಅಡ್ಡ ಪರಿಣಾಮಗಳಲ್ಲಿ ಹಲವನ್ನು ಶುರುವಿನಲ್ಲೇ ತಡೆಯಬಹುದು. ರಕ್ತದಲ್ಲಿ ಕ್ಯಾಲ್ಸಿಯಂ, 25-ಹೈಡ್ರಾಕ್ಸಿ ವಿಟಮಿನ್ ಡಿ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವುದು), ಆಲ್ಕಲೈನ್ ಫಾಸ್ಫಟೇಸ್ (ಮೂಳೆ, ಯಕೃತ್ತಿನ ಕಿಣ್ವ), ಥೈರಾಯ್ಡ್, ಇಷ್ಟು ನೋಡಿಸಿ. ಕ್ಯಾಲ್ಸಿಯಂ ಅಥವಾ ಆಲ್ಕಲೈನ್ ಫಾಸ್ಫಟೇಸ್ ಏರುಪೇರಿದ್ದರೆ ಕಾರಣ ತಿಳಿಯುವವರೆಗೆ ಔಷಧ ಶುರು ಮಾಡಬಾರದು.

ಕ್ರಿಯಾಟಿನಿನ್ ವಿಷಯದಲ್ಲಿ ಒಂದು ಮೋಸವಿದೆ. ಲ್ಯಾಬ್ ರಿಪೋರ್ಟ್‌ನಲ್ಲಿ ‘ನಾರ್ಮಲ್’ ಎಂದು ಬಂದಿದ್ದರೂ ಮೂತ್ರಪಿಂಡದ ನಿಜವಾದ ಕೆಲಸ ಕಡಿಮೆಯಿರಬಹುದು, ಅದರಲ್ಲೂ ಸಣಕಲು ಮೈಯ ವಯಸ್ಸಾದ ಹೆಂಗಸರಲ್ಲಿ. ಲೆಕ್ಕ ಸುಲಭ. 140ರಿಂದ ವಯಸ್ಸನ್ನು ಕಳೆಯಿರಿ, ತೂಕದಿಂದ ಗುಣಿಸಿ, ಬಂದದ್ದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ. ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಿ. 74 ವರ್ಷದ, 48 ಕೆ.ಜಿ. ತೂಕದ, ಕ್ರಿಯಾಟಿನಿನ್ 1.1 ಇರುವ ಮಹಿಳೆಯನ್ನು ತೆಗೆದುಕೊಳ್ಳಿ. 66 ಗುಣಿಸು 48 ಅಂದರೆ 3168. ಅದನ್ನು 79.2ರಿಂದ ಭಾಗಿಸಿದರೆ 40. ಅದರ 0.85 ಅಂದರೆ 34, ಮೂತ್ರಪಿಂಡ ನಿಮಿಷಕ್ಕೆ ಸೋಸುವ ಪ್ರಮಾಣ ಅಷ್ಟು ಮಿಲಿಲೀಟರ್. ಮೂಳೆಯ ಟೊಳ್ಳಿಗೆ ಹೆಚ್ಚಾಗಿ ಕೊಡುವ ಅಲೆಂಡ್ರೊನೇಟ್ ಮಾತ್ರೆಗೂ ಜೊಲೆಡ್ರೊನಿಕ್ ಆಸಿಡ್ ಡ್ರಿಪ್‌ಗೂ ಗೆರೆ ಎಳೆದಿರುವುದು 35ರಲ್ಲಿ. ನಿಮಿಷಕ್ಕೆ ಅದಕ್ಕಿಂತ ಕಡಿಮೆ ಮಿಲಿಲೀಟರ್ ಇದ್ದರೆ ಎರಡೂ ಬೇಡ. ಅದೇ ಗುಂಪಿನ ರೈಸೆಡ್ರೊನೇಟ್, ಐಬ್ಯಾಂಡ್ರೊನೇಟ್‌ಗೆ ಗೆರೆ 30. ರಿಪೋರ್ಟ್‌ನಲ್ಲಿ ಎಲ್ಲೂ ಕೆಂಪು ಅಕ್ಷರ ಇಲ್ಲದೆಯೇ ಈಕೆಯ ಪಾಲಿಗೆ ಎರಡು ಮುಖ್ಯ ಔಷಧಗಳು ಕೈಬಿಟ್ಟಂತಾಯಿತು.

ವಿಟಮಿನ್ ಡಿ ಕಡಿಮೆಯಿದ್ದರೆ ಮೊದಲು ಅದನ್ನು ತುಂಬಬೇಕು. ಇಲ್ಲದಿದ್ದರೆ ಚುಚ್ಚುಮದ್ದಿನ ನಂತರ ರಕ್ತದ ಕ್ಯಾಲ್ಸಿಯಂ ಕುಸಿದು ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಗುಡುವುದು, ಕೈಕಾಲು ಸೆಳೆಯುವುದು ಶುರುವಾಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲ್ ಬರೆಯುತ್ತಾರೆ, ವಾರಕ್ಕೆ ಒಂದು, ಎಂಟು ವಾರ. ಅದನ್ನೇ ‘ದಿನಕ್ಕೊಂದು’ ಎಂದು ಓದಿಕೊಂಡು ನುಂಗಿದರೆ ವಿಷವಾಗುತ್ತದೆ: ವಾಂತಿ, ಮಲಬದ್ಧತೆ, ಮಂಕು, ಮೂತ್ರಪಿಂಡಕ್ಕೆ ಪೆಟ್ಟು. ಪೊಟ್ಟಣದ ಮೇಲೆ ಪೆನ್ನಿನಲ್ಲಿ ‘ಭಾನುವಾರ ಮಾತ್ರ’ ಎಂದು ಬರೆದಿಡಿ.

ಹಲ್ಲಿನ ವೈದ್ಯರನ್ನೂ ಈಗಲೇ ಕಾಣಿ. ಕೀಳಿಸಬೇಕಾದ ಹಲ್ಲು, ಬೇರು ಮಾತ್ರ ಉಳಿದಿರುವ ಹಲ್ಲು, ಕೀವು ತುಂಬಿದ ವಸಡು ಇದ್ದರೆ ಮೊದಲು ಆ ಕೆಲಸ ಮುಗಿಸಿ, ಗಾಯ ಮಾಗಲಿ. ಕಾರಣ ಮುಂದೆ ಬರುತ್ತದೆ.

ವಾರದ ಮಾತ್ರೆ

ಅಲೆಂಡ್ರೊನೇಟ್ 70 ಮಿ.ಗ್ರಾಂ. ವಾರಕ್ಕೊಮ್ಮೆ, ಅಥವಾ ರೈಸೆಡ್ರೊನೇಟ್ 35 ಮಿ.ಗ್ರಾಂ. ವಾರಕ್ಕೊಮ್ಮೆ. ಹೆಚ್ಚಿನವರಿಗೆ ವೈದ್ಯರು ಮೊದಲು ಬರೆಯುವುದು ಇದನ್ನೇ. ಬೆಲೆ ಕಡಿಮೆ, ಹಳೆಯ ಔಷಧ, ಅನುಭವ ಸಾಕಷ್ಟಿದೆ. ಇದರ ಎರಡು ಗುಣ ಅರ್ಥವಾದರೆ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಒಂದು, ನುಂಗಿದ್ದರಲ್ಲಿ ಮೈಗೆ ಸೇರುವುದು ನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಸಿಯಂ ಏನು ಸಿಕ್ಕರೂ ಅದಕ್ಕೆ ಅಂಟಿಕೊಂಡು ಆ ಅಷ್ಟೂ ಹೋಗುತ್ತದೆ. ಕಾಫಿ ಅಥವಾ ಕಿತ್ತಳೆ ರಸದ ಜೊತೆ ತೆಗೆದುಕೊಂಡರೂ ಹೀರಿಕೆ ಸುಮಾರು 60 ಶೇಕಡಾ ಕಡಿಮೆಯಾಗುತ್ತದೆ. ಇನ್ನೊಂದು, ಮಾತ್ರೆ ಅನ್ನನಾಳದ ಗೋಡೆಗೆ ತಾಗಿ ನಿಂತರೆ ಅಲ್ಲೇ ಸುಟ್ಟು ಹುಣ್ಣು ಮಾಡುತ್ತದೆ. ಈ ಮಾತ್ರೆಯ ಎದೆಯುರಿಗೆ ಬಹಳಷ್ಟು ಸಲ ಕಾರಣ ಇದೇ, ಹೊಟ್ಟೆಯ ಆಮ್ಲವಲ್ಲ. ಹಾಗಾಗಿ ಮುಂಜಾನೆ ಒಂದು ಪ್ಯಾಂಟೊಪ್ರಜೋಲ್ ನುಂಗಿ ಅದರ ಮೇಲೆ ಇದನ್ನು ನುಂಗುವುದು ಉತ್ತರವಲ್ಲ. ಆ ಗುಂಪಿನ ಆಮ್ಲ ತಗ್ಗಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಮೂಳೆ ಮುರಿತ ಸ್ವಲ್ಪ ಹೆಚ್ಚು ಕಂಡುಬಂದಿದೆ ಎಂಬುದನ್ನೂ ನೆನಪಿಡಿ.

ಮಾತ್ರೆಯ ದಿನದ ಮುಂಜಾನೆ ಹೀಗಿರಲಿ:

1. ಎದ್ದು ಮುಖ ತೊಳೆದು, ಬರಿಹೊಟ್ಟೆಯಲ್ಲಿ, ನಿಂತು ಅಥವಾ ನೆಟ್ಟಗೆ ಕುಳಿತು ನುಂಗಿ. ಹಿಂದಿನ ರಾತ್ರಿ ಮಲಗುವಾಗ ಬೇಡ, ಹಾಸಿಗೆಯಲ್ಲಿ ಒರಗಿಕೊಂಡು ಬೇಡ.
2. ಒಂದು ದೊಡ್ಡ ಲೋಟ ಸಾದಾ ನೀರು, 200 ಮಿ.ಲೀ.ಗೆ ಕಡಿಮೆಯಿಲ್ಲದಂತೆ. ಎರಡು ಗುಟುಕಲ್ಲ, ಪೂರ್ತಿ ಲೋಟ. ಗಡಸು ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಆ ದಿನಕ್ಕೆ ಫಿಲ್ಟರ್ ನೀರು ಒಳ್ಳೆಯದು. ಮಿನರಲ್ ವಾಟರ್ ಬೇಡ.
3. ಮಾತ್ರೆಯನ್ನು ಜಗಿಯಬಾರದು, ಚೀಪಬಾರದು, ಕುಟ್ಟಿ ಪುಡಿ ಮಾಡಬಾರದು. ನುಂಗಲಾರದ ಹಿರಿಯರಿಗೆ ಜೇನಿನಲ್ಲಿ ಕಲಸಿ ಕೊಡುವ ಮನೆಗಳಿವೆ. ಅದರಿಂದ ಬಾಯಲ್ಲಿ, ಗಂಟಲಲ್ಲಿ ಹುಣ್ಣಾಗುತ್ತದೆ.
4. ಮುಂದಿನ 30 ನಿಮಿಷ ಮಲಗುವಂತಿಲ್ಲ, ಏನೂ ತಿನ್ನುವಂತಿಲ್ಲ. ತಿಂಗಳಿಗೊಮ್ಮೆ ನುಂಗುವ 150 ಮಿ.ಗ್ರಾಂ. ಐಬ್ಯಾಂಡ್ರೊನೇಟ್ ಆದರೆ 60 ನಿಮಿಷ. ಓಡಾಡಬಹುದು, ರಂಗೋಲಿ ಹಾಕುವ ಬದಲು ನಿಂತು ಗಿಡಕ್ಕೆ ನೀರು ಹಾಕಬಹುದು. ಕುಳಿತು ಜಪ ಮಾಡಬಹುದು, ಉದ್ದಂಡ ನಮಸ್ಕಾರ ಮಾತ್ರ ಆಮೇಲೆ. ಮುಂದಕ್ಕೆ ಬಗ್ಗುವ ಯೋಗಾಸನವೂ ಆಮೇಲೆ.
5. ಅರ್ಧ ಗಂಟೆ ಕಳೆದ ಮೇಲೆ ಕಾಫಿ, ತಿಂಡಿ, ಬಿ.ಪಿ. ಮಾತ್ರೆ. ತಿಂಡಿಯಾದ ಮೇಲೆ ಮಲಗಿದರೂ ಅಡ್ಡಿಯಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಆ ದಿನ ರಾತ್ರಿ ಊಟಕ್ಕೆ ತಳ್ಳಿ. ಎಲೆ-ಅಡಿಕೆ ಹಾಕುವವರು ಸುಣ್ಣವೂ ಕ್ಯಾಲ್ಸಿಯಮ್ಮೇ ಎಂಬುದನ್ನು ಮರೆಯದಿರಲಿ, ಮೊದಲ ಎಲೆ ತಿಂಡಿಯ ನಂತರ.

ಥೈರಾಯ್ಡ್ ಮಾತ್ರೆ ಇರುವವರಿಗೆ ಇಲ್ಲೊಂದು ತಿಕ್ಕಾಟ, ಅದೂ ಬರಿಹೊಟ್ಟೆಗೇ ಬೇಕು. ವಾರದಲ್ಲಿ ಒಂದು ದಿನವಷ್ಟೇ ಆದ್ದರಿಂದ ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಆರಕ್ಕೆ ಮೂಳೆಯ ಮಾತ್ರೆ, ಆರೂವರೆಗೆ ಥೈರಾಯ್ಡ್, ಏಳೂವರೆಗೆ ಕಾಫಿ. ಕ್ಯಾಲ್ಸಿಯಂ ಮಾತ್ರೆ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರವಿರಲಿ, ಇದು ದಿನವೂ ಅನ್ವಯ.

ಏಕಾದಶಿಯಂದು ನೀರನ್ನೂ ಮುಟ್ಟದವರಿಗೆ ಮಾತ್ರೆಯ ವಾರವೂ ಏಕಾದಶಿಯೂ ಆಗಾಗ ಒಂದೇ ದಿನ ಬರುತ್ತವೆ. ಒಣ ಗಂಟಲಲ್ಲಿ ನುಂಗುವುದಕ್ಕಿಂತ ಮರುದಿನ ಬೆಳಿಗ್ಗೆ ತೆಗೆದುಕೊಳ್ಳುವುದು ಲೇಸು. ಮರೆತು ಬಿಟ್ಟಾಗಲೂ ನಿಯಮ ಅದೇ: ನೆನಪಾದ ಮರುದಿನ ಬೆಳಿಗ್ಗೆ ಒಂದು, ಆಮೇಲೆ ಹಳೆಯ ವಾರಕ್ಕೇ ವಾಪಸ್ಸು. ಒಂದೇ ದಿನ ಎರಡು ಎಂದಿಗೂ ಬೇಡ.

ಇಷ್ಟೆಲ್ಲ ಮಾಡಿಯೂ ಉರಿ ಬಂದರೆ? ಬರೀ ಹುಳಿ ತೇಗು, ಹೊಟ್ಟೆ ಭಾರ ಎನಿಸಿದರೆ ಮೇಲಿನ ಐದರಲ್ಲಿ ಯಾವುದು ತಪ್ಪಿತು ಎಂದು ಮೊದಲು ನೋಡಿ. ಸಾಮಾನ್ಯವಾಗಿ ನೀರು ಕಡಿಮೆಯಾಗಿರುತ್ತದೆ, ಇಲ್ಲವೇ ಮಾತ್ರೆ ನುಂಗಿ ಇನ್ನೊಂದು ನಿದ್ದೆ ತೆಗೆದಿರುತ್ತಾರೆ. ಆದರೆ ನುಂಗುವಾಗ ನೋವು, ಎದೆಮೂಳೆಯ ಹಿಂದೆ ಚುಚ್ಚು, ಅನ್ನ ಗಂಟಲಲ್ಲಿ ಸಿಕ್ಕಿಕೊಂಡಂತಾಗುವುದು, ಕಪ್ಪು ಮಲ, ಇವುಗಳಲ್ಲಿ ಒಂದು ಕಂಡರೂ ಮುಂದಿನ ಮಾತ್ರೆ ಬೇಡ. ವೈದ್ಯರಿಗೆ ತೋರಿಸಿ. ಅನ್ನನಾಳದಲ್ಲಿ ಹುಣ್ಣಾಗಿದೆ ಎಂದು ಗೊತ್ತಾದರೆ ಅದೇ ಮಾತ್ರೆಯನ್ನು ಮತ್ತೆ ಹಟದಿಂದ ಪರೀಕ್ಷಿಸುವ ಬದಲು ಡ್ರಿಪ್‌ಗೆ ಬದಲಾಯಿಸುವುದೇ ಸರಿ. ಅನ್ನನಾಳ ಕಿರಿದಾಗಿರುವವರು, ಅದರ ಚಲನೆ ಕೆಟ್ಟಿರುವವರು, ಅರ್ಧ ಗಂಟೆ ನೆಟ್ಟಗೆ ಕೂರಲಾರದವರು ಈ ಮಾತ್ರೆಯನ್ನು ಶುರು ಮಾಡುವಂತೆಯೇ ಇಲ್ಲ.

ಅಪರೂಪಕ್ಕೆ ಕಣ್ಣು ಕೆಂಪಾಗಿ, ನೋವು, ಬೆಳಕು ನೋಡಲಾಗದಂತಾಗುತ್ತದೆ. ಇದು ಕಣ್ಣಿನ ಒಳಪದರದ ಉರಿಯೂತವಿರಬಹುದು. ‘ಮದ್ರಾಸ್ ಐ’ ಎಂದು ಅಂಗಡಿಯ ಡ್ರಾಪ್ಸ್ ಹಾಕಿಕೊಂಡು ಕೂರದೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿ, ಮೂಳೆಯ ಔಷಧದ ಹೆಸರು ಹೇಳಿ.

ವರ್ಷಕ್ಕೊಂದು ಡ್ರಿಪ್

ಜೊಲೆಡ್ರೊನಿಕ್ ಆಸಿಡ್ 5 ಮಿ.ಗ್ರಾಂ., 100 ಮಿ.ಲೀ. ಬಾಟಲಿಯಲ್ಲಿ, ವರ್ಷಕ್ಕೊಮ್ಮೆ ನರಕ್ಕೆ. ಹೊಟ್ಟೆಯ ತಂಟೆಯಿಲ್ಲ, ಮರೆವಿನ ತಂಟೆಯಿಲ್ಲ. ಅಂಗಡಿಯಲ್ಲಿ 4 ಮಿ.ಗ್ರಾಂ. ವೈಲ್ ಕೂಡ ಸಿಗುತ್ತದೆ, ಅದು ಕ್ಯಾನ್ಸರ್ ರೋಗಿಗಳ ಮೂಳೆಗೆಂದು ತಯಾರಾದ ಪ್ರಮಾಣ. ಬಿಲ್ ಮಾಡಿಸುವ ಮುನ್ನ ಚೀಟಿಯಲ್ಲಿ ಬರೆದಿರುವ ಅಂಕಿ ನೋಡಿಕೊಳ್ಳಿ.

ಇಲ್ಲಿನ ತಲೆನೋವು ಜ್ವರದ್ದು. ಮೊದಲ ಡ್ರಿಪ್ ಆದ ಮೂರು ದಿನದೊಳಗೆ ಸುಮಾರು ನೂರಕ್ಕೆ 30 ಮಂದಿಗೆ ಜ್ವರ, ಮೈಕೈ ನೋವು, ಚಳಿ ಬರುತ್ತದೆ. ಚಿಕೂನ್‌ಗುನ್ಯ ಬಂದವರಿಗೆ ಆ ನೋವಿನ ಪರಿಚಯ ಇರುತ್ತದೆ. ಎರಡನೇ ವರ್ಷ ಇದು ನೂರಕ್ಕೆ 7ಕ್ಕೆ ಇಳಿಯುತ್ತದೆ, ಮೂರನೇ ವರ್ಷ 3ಕ್ಕೆ. ಇದು ಅಲರ್ಜಿಯಲ್ಲ, ಸೋಂಕೂ ಅಲ್ಲ. ರಕ್ತದ ಕೆಲವು ರಕ್ಷಣಾ ಕಣಗಳು ಔಷಧ ಕಂಡು ಒಮ್ಮೆಲೇ ಎಚ್ಚೆತ್ತು ಗಲಾಟೆ ಎಬ್ಬಿಸುವುದು. ಇದು ಮೊದಲೇ ತಿಳಿಯದಿದ್ದರೆ, ‘ಆ ಇಂಜೆಕ್ಷನ್ ನನಗೆ ಆಗಿಬರಲಿಲ್ಲ’ ಎಂದು ಮುಂದಿನ ವರ್ಷದ ಡ್ರಿಪ್ ತಪ್ಪಿಸುತ್ತಾರೆ. ತಪ್ಪಿಸುವುದಾದರೆ ಮೊದಲನೆಯದನ್ನು ತಪ್ಪಿಸಬೇಕಿತ್ತು, ಎರಡನೆಯದನ್ನಲ್ಲ.

ಹಿಂದಿನ ದಿನದಿಂದಲೇ ಚೆನ್ನಾಗಿ ನೀರು, ಮಜ್ಜಿಗೆ ಕುಡಿಯಿರಿ. ಡ್ರಿಪ್‌ಗೆ ಮುಂಚಿನ ಒಂದೆರಡು ಗಂಟೆಯಲ್ಲಿ ಎರಡು ಲೋಟ ನೀರು ಹೊಟ್ಟೆಯಲ್ಲಿರಲಿ. ಉಪವಾಸದ ದಿನ ಬೇಡ. ಔಷಧ ಒಳಗೆ ಹೋಗಲು ಕನಿಷ್ಠ 15 ನಿಮಿಷ ಬೇಕು, ಇನ್ನೂ ನಿಧಾನವಾದರೆ ಒಳ್ಳೆಯದೇ. ವೇಗವಾಗಿ ಬಿಟ್ಟರೆ ಪೆಟ್ಟು ಮೂತ್ರಪಿಂಡಕ್ಕೆ. ನರ್ಸ್ ಚಕ್ರ ತಿರುಗಿಸಿ ಹೋದ ಮೇಲೆ ಗಡಿಯಾರ ನೋಡಿಕೊಳ್ಳುವುದು ಜೊತೆಗೆ ಬಂದವರ ಕೆಲಸ. ಮನೆಗೆ ಬಂದ ಮೇಲೆ ಪ್ಯಾರಾಸಿಟಮಾಲ್ 650 ಮಿ.ಗ್ರಾಂ. ಆರು ಗಂಟೆಗೊಮ್ಮೆಯಂತೆ, ಜ್ವರ ಬರುವವರೆಗೆ ಕಾಯದೆ, ಮೂರು ದಿನ. ಯಕೃತ್ತಿನ ಕಾಯಿಲೆ ಇರುವವರು ಮೊದಲು ಕೇಳಿಕೊಳ್ಳಬೇಕು. ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳನ್ನು ಆ ವಾರ ಮನೆಯ ಡಬ್ಬಿಯಿಂದಲೇ ಎತ್ತಿಡಿ, ಮೂತ್ರಪಿಂಡಕ್ಕೆ ಎರಡು ಕಡೆಯಿಂದ ಏಟು ಬೇಡ. ಮೊಮ್ಮಗಳ ಮದುವೆಗೆ ಎರಡು ದಿನ ಮೊದಲು ಡ್ರಿಪ್ ಇಟ್ಟುಕೊಳ್ಳಬೇಡಿ. ಮುಂದೆ ಮೂರು ದಿನ ಖಾಲಿ ಇರುವ ವಾರ ಆರಿಸಿ. ಜ್ವರ ಮೂರು-ನಾಲ್ಕು ದಿನ ಮೀರಿದರೆ ಬೇರೆ ಕಾರಣ ಹುಡುಕಬೇಕು.

ಆರು ತಿಂಗಳ ಚುಚ್ಚುಮದ್ದು

ಡೆನೊಸುಮ್ಯಾಬ್ 60 ಮಿ.ಗ್ರಾಂ., ಆರು ತಿಂಗಳಿಗೊಮ್ಮೆ ಚರ್ಮದಡಿ. ಜ್ವರವಿಲ್ಲ, ಉರಿಯಿಲ್ಲ, ಮೂತ್ರಪಿಂಡ ದುರ್ಬಲವಿದ್ದವರಿಗೂ ಕೊಡಬಹುದು. ಹೀಗೆಂದು ಇದನ್ನು ಸಲೀಸಾದ ಔಷಧ ಎಂದು ಒಪ್ಪಿಕೊಳ್ಳುವವರು ಬಹಳ. ನಮ್ಮ ಅಭಿಪ್ರಾಯದಲ್ಲಿ ಇಡೀ ಪಟ್ಟಿಯಲ್ಲಿ ಹೆಚ್ಚು ಶಿಸ್ತು ಬೇಡುವುದು ಇದೇ, ಏಕೆಂದರೆ ಇದರ ದೊಡ್ಡ ಅಡ್ಡ ಪರಿಣಾಮ ಇರುವುದು ಔಷಧ ನಿಲ್ಲಿಸುವುದರಲ್ಲಿ.

ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಸಿಡ್‌ಗಳು ಮೂಳೆಗೆ ಅಂಟಿ ವರ್ಷಗಟ್ಟಲೆ ಉಳಿಯುತ್ತವೆ, ಒಂದು ಡೋಸ್ ತಡವಾದರೂ ಒಳಗಿನ ಉಳಿತಾಯ ಕಾಯುತ್ತದೆ. ಡೆನೊಸುಮ್ಯಾಬ್‌ಗೆ ಆ ಉಳಿತಾಯವೇ ಇಲ್ಲ. ಆರು ತಿಂಗಳು ಕಟ್ಟಿಹಾಕಿದ್ದ ಮೂಳೆ ತಿನ್ನುವ ಕೋಶಗಳು ಹಗ್ಗ ಬಿಚ್ಚಿದಂತೆ ಒಟ್ಟಿಗೇ ನುಗ್ಗುತ್ತವೆ. ಗಳಿಸಿದ ಸಾಂದ್ರತೆ ಕರಗುತ್ತದೆ. ಕೆಲವರಲ್ಲಿ ಒಂದಲ್ಲ, ಎರಡು ಮೂರು ಬೆನ್ನುಮೂಳೆಗಳು ಒಟ್ಟಿಗೇ ಕುಸಿಯುತ್ತವೆ. ಆದ್ದರಿಂದ ಹಿಂದಿನ ಚುಚ್ಚುಮದ್ದಿನಿಂದ ಏಳು ತಿಂಗಳು ದಾಟಲೇಬಾರದು. ನಿಲ್ಲಿಸಲೇಬೇಕಾದರೆ ಆರನೇ ತಿಂಗಳ ಹೊತ್ತಿಗೆ ಜೊಲೆಡ್ರೊನಿಕ್ ಆಸಿಡ್‌ನಂಥ ಇನ್ನೊಂದು ಔಷಧ ಅದರ ಜಾಗಕ್ಕೆ ಬಂದಿರಬೇಕು.

ಈ ಶಿಸ್ತು ಮುರಿಯುವ ಒಂದು ಸಾಮಾನ್ಯ ಸಂದರ್ಭವೆಂದರೆ ಅಮೆರಿಕದಲ್ಲಿರುವ ಮಗ-ಮಗಳ ಮನೆಗೆ ಆರು ತಿಂಗಳು ಹೋಗುವುದು. ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಚುಚ್ಚಿಸಿಕೊಂಡು ಮೇ ತಿಂಗಳಲ್ಲಿ ವಿಮಾನ ಹತ್ತಿದರೆ ಸೆಪ್ಟೆಂಬರ್ ಡೋಸ್ ಅಲ್ಲಿ ಬೀಳುತ್ತದೆ. ಪ್ರವಾಸಿ ವಿಮೆಗಳು ಹಳೆಯ ಕಾಯಿಲೆಯ ಇಂಥ ಖರ್ಚನ್ನು ಸಾಮಾನ್ಯವಾಗಿ ಕೊಡುವುದಿಲ್ಲ, ಅಲ್ಲಿನ ಬೆಲೆ ನೋಡಿ ‘ಊರಿಗೆ ಹೋದ ಮೇಲೆ ಮಾಡಿಸಿದರಾಯಿತು’ ಎಂದುಕೊಳ್ಳುತ್ತಾರೆ. ಟಿಕೆಟ್ ಕಾದಿರಿಸುವ ಮೊದಲು ಡೋಸ್‌ನ ತಾರೀಖು ನೋಡಿ. ಅಂಥ ಓಡಾಟ ಪ್ರತಿವರ್ಷ ಇರುವ ಮನೆಯಲ್ಲಿ ವರ್ಷಕ್ಕೊಂದು ಡ್ರಿಪ್ಪೇ ವಾಸಿ, ಮೂತ್ರಪಿಂಡ ಒಪ್ಪಿದರೆ.

ಉಳಿದಂತೆ ಇದರಲ್ಲಿ ಚರ್ಮದ ಸೋಂಕು, ಇಸುಬಿನಂಥ ತುರಿಕೆ ಬರಬಹುದು. ಕಾಲು ಕೆಂಪಾಗಿ ಬಿಸಿಯಾಗಿ ಊದಿದರೆ ತಡಮಾಡಬೇಡಿ. ಮೂತ್ರಪಿಂಡ ತೀರಾ ಸೋತವರಲ್ಲಿ, ಮುಖ್ಯವಾಗಿ ಡಯಾಲಿಸಿಸ್‌ನಲ್ಲಿರುವವರಲ್ಲಿ, ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಜನವರಿಯಲ್ಲಿ ಇದಕ್ಕೆ ತನ್ನ ಅತಿ ಕಠಿಣ ದರ್ಜೆಯ ಎಚ್ಚರಿಕೆಯನ್ನು ಸೇರಿಸಿತು. ಅಂಥವರಿಗೆ ನೆಫ್ರಾಲಜಿಸ್ಟ್ (ಮೂತ್ರಪಿಂಡ ತಜ್ಞ) ಒಪ್ಪಿಗೆಯಿಲ್ಲದೆ ಇದು ಬೇಡ, ಕೊಟ್ಟ ಮೇಲೆ ಕ್ಯಾಲ್ಸಿಯಂ ಪದೇ ಪದೇ ನೋಡಿಸಬೇಕು. ಸಿರಿಂಜ್ ತರುವಾಗ ಮಂಜುಗಡ್ಡೆ ಚೀಲ ಇರಲಿ, ಸಂಗ್ರಹ 2ರಿಂದ 8 ಡಿಗ್ರಿ.

ದಿನದ ಪೆನ್, ಮತ್ತೆ ಕೆಲವು

ಟೆರಿಪ್ಯಾರಟೈಡ್ 20 ಮೈಕ್ರೋಗ್ರಾಂ, ದಿನವೂ ತೊಡೆ ಅಥವಾ ಹೊಟ್ಟೆಯ ಚರ್ಮಕ್ಕೆ, ಎರಡು ವರ್ಷದವರೆಗೆ. ಮೇಲಿನವೆಲ್ಲ ಮೂಳೆ ಕರಗುವುದನ್ನು ತಡೆದರೆ ಇದು ಹೊಸ ಮೂಳೆ ಕಟ್ಟುತ್ತದೆ. ಈಗಾಗಲೇ ಬೆನ್ನುಮೂಳೆ ಕುಸಿದವರಿಗೆ ಹೆಚ್ಚಾಗಿ ಬರೆಯುತ್ತಾರೆ. ಮೊದಲ ಕೆಲವು ಡೋಸ್‌ಗಳ ನಂತರ ಎದ್ದು ನಿಂತಾಗ ತಲೆ ಸುತ್ತಿ ಬೀಳುವ ಸಂಭವವಿದೆ. ಮೂಳೆ ಗಟ್ಟಿಯಾಗಲೆಂದು ಚುಚ್ಚಿಕೊಂಡು, ಅದೇ ಕಾರಣಕ್ಕೆ ಬಿದ್ದು ಮುರಿದುಕೊಳ್ಳಬಾರದು. ರಾತ್ರಿ ಮಂಚದ ಮೇಲೆ ಕುಳಿತು ಚುಚ್ಚಿಕೊಳ್ಳಿ, ಅದಕ್ಕೆ ಮುಂಚೆಯೇ ಬಚ್ಚಲಿಗೆ ಹೋಗಿಬನ್ನಿ. ಓಕರಿಕೆ, ಕಾಲಿನ ಸೆಳೆತ ಮೊದಲ ತಿಂಗಳಲ್ಲಿ ಸಾಮಾನ್ಯ, ಬಹುಪಾಲು ತಾನಾಗಿ ತಗ್ಗುತ್ತದೆ. ಚುಚ್ಚಿದ ನಾಲ್ಕರಿಂದ ಆರು ಗಂಟೆಗೆ ರಕ್ತದ ಕ್ಯಾಲ್ಸಿಯಂ ಸ್ವಲ್ಪ ಏರುತ್ತದೆ. ಬೆಳಿಗ್ಗೆ ಏಳಕ್ಕೆ ರಕ್ತ ಕೊಟ್ಟು, ಹಿಂದಿನ ರಾತ್ರಿ ಹತ್ತಕ್ಕೆ ಚುಚ್ಚಿಕೊಂಡಿದ್ದರೆ ರಿಪೋರ್ಟ್ ಸುಮ್ಮನೆ ಹೆದರಿಸುತ್ತದೆ. ಕನಿಷ್ಠ 16 ಗಂಟೆ ಬಿಟ್ಟು ಪರೀಕ್ಷೆಗೆ ಹೋಗಿ.

ಪೆನ್ ಫ್ರಿಜ್‌ನಲ್ಲಿರಬೇಕು, ಆದರೆ ಹೆಪ್ಪುಗಟ್ಟಬಾರದು. ಒಂದೇ ಬಾಗಿಲಿನ ಹಳೆಯ ಫ್ರಿಜ್‌ಗಳಲ್ಲಿ ಫ್ರೀಜರ್‌ಗೆ ತಾಗಿದ ಮೇಲಿನ ತಟ್ಟೆಯಲ್ಲಿಟ್ಟರೆ ಗಡ್ಡೆಯಾಗುತ್ತದೆ, ಆ ಪೆನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ತೆರೆದ 28 ದಿನಕ್ಕೆ, ಒಳಗೆ ಔಷಧ ಉಳಿದಿದ್ದರೂ, ಎಸೆಯಬೇಕು. ಇಲಿಗಳ ಮೇಲಿನ ಪ್ರಯೋಗದಲ್ಲಿ ಮೂಳೆ ಕ್ಯಾನ್ಸರ್ ಕಂಡಿದ್ದರಿಂದ ಇದರ ಮೇಲಿದ್ದ ಕಪ್ಪು ಚೌಕಟ್ಟಿನ (ಅದೇ ಅತಿ ಕಠಿಣ ದರ್ಜೆಯ) ಎಚ್ಚರಿಕೆಯನ್ನು ಅಮೆರಿಕದಲ್ಲಿ 2020ರಲ್ಲಿ ತೆಗೆದರು. ಆದರೂ ಮೂಳೆಗೆ ವಿಕಿರಣ ಚಿಕಿತ್ಸೆ ಆದವರಿಗೆ, ಮೂಳೆಗೆ ಕ್ಯಾನ್ಸರ್ ಹರಡಿದವರಿಗೆ ಇದು ನಿಷಿದ್ಧ, ಮೂತ್ರದ ಕಲ್ಲಿನವರು ಜಾಗ್ರತೆ. ಎರಡು ವರ್ಷ ಮುಗಿದ ಮೇಲೆ ಮಾತ್ರೆ ಅಥವಾ ಡ್ರಿಪ್ ಹಿಡಿಯದಿದ್ದರೆ ಕಟ್ಟಿದ್ದು ಕರಗುತ್ತದೆ.

ರಾಲೊಕ್ಸಿಫೀನ್ 60 ಮಿ.ಗ್ರಾಂ. ದಿನದ ಮಾತ್ರೆ, ಮುಟ್ಟು ನಿಂತವರಿಗೆ. ಬೆನ್ನುಮೂಳೆಗೆ ಒಳ್ಳೆಯದು, ಸೊಂಟದ ಮುರಿತ ತಡೆದದ್ದು ಸಾಬೀತಾಗಿಲ್ಲ. ಮೈ ಬಿಸಿಯೇರುವುದು, ಕಾಲು ಸೆಳೆತ ತರುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪು ಆಗಿದ್ದವರಿಗೆ ಬೇಡವೇ ಬೇಡ. ದೊಡ್ಡ ಶಸ್ತ್ರಚಿಕಿತ್ಸೆಗೆ ಮೂರು ದಿನ ಮುಂಚೆ ನಿಲ್ಲಿಸಬೇಕು. ರೊಮೊಸೊಜುಮ್ಯಾಬ್ ಚುಚ್ಚುಮದ್ದು ತಿಂಗಳಿಗೊಮ್ಮೆ, ಒಂದು ವರ್ಷ. ಕಳೆದ ವರ್ಷದೊಳಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರಿಗೆ ಕೊಡುವುದಿಲ್ಲ.

ದವಡೆ ಮತ್ತು ತೊಡೆ

ಇಂಟರ್ನೆಟ್‌ನಲ್ಲಿ ಎಲ್ಲರನ್ನೂ ಹೆದರಿಸುವುದು ಈ ಎರಡು. ದವಡೆಯ ಮೂಳೆ ಸಾಯುವುದು ಕ್ಯಾನ್ಸರ್‌ಗೆ ತಿಂಗಳು ತಿಂಗಳು ಜೊಲೆಡ್ರೊನಿಕ್ ಆಸಿಡ್, ಡೆನೊಸುಮ್ಯಾಬ್‌ಗಳ ದೊಡ್ಡ ಡೋಸ್ ಪಡೆಯುವವರಲ್ಲಿ ಹೆಚ್ಚು. ಆಸ್ಟಿಯೊಪೊರೋಸಿಸ್ ಡೋಸ್‌ನಲ್ಲಿ ವರ್ಷಕ್ಕೆ ಹತ್ತು ಸಾವಿರದಿಂದ ಒಂದು ಲಕ್ಷ ಮಂದಿಯಲ್ಲಿ ಒಬ್ಬರಿಗೆ. ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡಿ: ಜೊಲೆಡ್ರೊನಿಕ್ ಆಸಿಡ್‌ನ ಮೂರು ವರ್ಷದ ದೊಡ್ಡ ಅಧ್ಯಯನದಲ್ಲಿ ಔಷಧವಿಲ್ಲದ ಗುಂಪಿನ ನೂರಕ್ಕೆ 11 ಮಂದಿಗೆ ಹೊಸದಾಗಿ ಬೆನ್ನುಮೂಳೆ ಮುರಿಯಿತು, ಔಷಧ ಪಡೆದವರಲ್ಲಿ 3 ಮಂದಿಗೆ. ಹಾಗೆಂದು ಹಲ್ಲನ್ನು ಕಡೆಗಣಿಸುವಂತಿಲ್ಲ. ಹಲ್ಲು ಕೀಳಿಸಿದ ಜಾಗ ಎಂಟು ವಾರವಾದರೂ ಮಾಗದೆ ಮೂಳೆ ಕಾಣುತ್ತಿದ್ದರೆ ಅದೇ ಲಕ್ಷಣ. ಕಡ್ಡಿಪುಡಿ, ಹೊಗೆಸೊಪ್ಪು ವಸಡು ಕೆಡಿಸಿ ದಾರಿ ಮಾಡಿಕೊಡುತ್ತವೆ. ಡೆನೊಸುಮ್ಯಾಬ್‌ನಲ್ಲಿರುವವರು ಹಲ್ಲು ಕೀಳಿಸುವುದನ್ನು ಮುಂದಿನ ಡೋಸ್ ಹತ್ತಿರ ಬರುವ ಹೊತ್ತಿಗೆ ಇಟ್ಟುಕೊಳ್ಳಬಹುದು, ಡೋಸ್ ಅನ್ನೇ ಕೈಬಿಡುವಂತಿಲ್ಲ.

ತೊಡೆಮೂಳೆಯ ವಿಚಿತ್ರ ಮುರಿತ ಮಾತ್ರೆ, ಡ್ರಿಪ್, ಡೆನೊಸುಮ್ಯಾಬ್‌ಗಳನ್ನು ವರ್ಷಗಟ್ಟಲೆ ಬಳಸಿದವರಲ್ಲಿ ಬರುತ್ತದೆ. ಅಮೆರಿಕದಲ್ಲಿ ನೆಲೆಸಿರುವ ಏಷ್ಯಾ ಮೂಲದ ಮಹಿಳೆಯರಲ್ಲಿ ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚು ಕಂಡಿದೆ, ಆದರೂ ತಡೆಯುವ ಮುರಿತಗಳಿಗಿಂತ ಇದು ಬಹಳ ಕಡಿಮೆ. ಇದು ಮುನ್ಸೂಚನೆ ಕೊಡುತ್ತದೆ: ಏಟಿಲ್ಲದೆ ತೊಡೆಯ ನಡುವೆ ಅಥವಾ ತೊಡೆಸಂದಿಯಲ್ಲಿ ಮಂದ ನೋವು, ನಡೆದರೆ ಹೆಚ್ಚು, ವಾರಗಟ್ಟಲೆ. ವಾಯು, ಸಯಾಟಿಕಾ ಎಂದು ಎಣ್ಣೆ ತೀಡಿಸಿ ಕಾಲ ಕಳೆಯಬೇಡಿ. ಎರಡೂ ತೊಡೆಯ ಪೂರ್ತಿ ಉದ್ದದ ಎಕ್ಸ್-ರೇ ಕೇಳಿ. ಒಂದು ಕಡೆ ಬಿರುಕಿದ್ದರೆ ಇನ್ನೊಂದರಲ್ಲೂ ಇರುವ ಸಾಧ್ಯತೆಯಿದೆ. ಈ ಕಾರಣಕ್ಕೇ ಅಪಾಯ ಕಡಿಮೆಯಿರುವವರಿಗೆ ಮಾತ್ರೆಯಾದರೆ ಐದು ವರ್ಷವಾದ ಮೇಲೆ, ಡ್ರಿಪ್ ಆದರೆ ಮೂರು ವರ್ಷವಾದ ಮೇಲೆ ‘ರಜೆ’ ಕೊಡುವುದು. ರಜೆ ಈ ಎರಡಕ್ಕೆ ಮಾತ್ರ. ನೆರೆಮನೆಯವರಿಗೆ ವೈದ್ಯರು ನಿಲ್ಲಿಸಿದರೆಂದು ಡೆನೊಸುಮ್ಯಾಬ್ ನಿಲ್ಲಿಸಿದರೆ ಏನಾಗುತ್ತದೆಂದು ಮೇಲೆ ಓದಿದ್ದೀರಿ.

ಕ್ಯಾಲ್ಸಿಯಂನ ಲೆಕ್ಕ

ಮಲಬದ್ಧತೆ, ಹೊಟ್ಟೆಯುಬ್ಬರವನ್ನು ಮೂಳೆಯ ಔಷಧದ ತಲೆಗೆ ಕಟ್ಟುವವರಿದ್ದಾರೆ. ಅಪರಾಧಿ ಹಲವು ಸಲ ಜೊತೆಗೆ ಕೊಟ್ಟ ಕ್ಯಾಲ್ಸಿಯಂ ಕಾರ್ಬೊನೇಟ್. ದಿನಕ್ಕೆ ಆಹಾರ-ಮಾತ್ರೆ ಎಲ್ಲ ಸೇರಿ 1000ದಿಂದ 1200 ಮಿ.ಗ್ರಾಂ. ಸಾಕು. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 350, 250 ಮಿ.ಲೀ. ಹಾಲಿನಲ್ಲಿ 300. ರಾಗಿಯದ್ದು ಪೂರ್ತಿ ಮೈಗೆ ಹತ್ತುವುದಿಲ್ಲವೆಂದು ಕಳೆದರೂ, ಮುದ್ದೆ, ಹಾಲು, ಎರಡು ಹೊತ್ತು ಮೊಸರು ಇರುವ ಮನೆಯಲ್ಲಿ ದಿನಕ್ಕೆ ಎರಡು ಮಾತ್ರೆ ಹೆಚ್ಚಾಗುತ್ತದೆ, ಒಂದು ಸಾಕು. 1250 ಮಿ.ಗ್ರಾಂ. ಕಾರ್ಬೊನೇಟ್ ಎಂದು ಬರೆದಿದ್ದರೆ ಅದರಲ್ಲಿರುವ ನಿಜವಾದ ಕ್ಯಾಲ್ಸಿಯಂ 500. ಊಟದ ಜೊತೆ ನುಂಗಿ. ಕರುಳು ತೀರಾ ಮುನಿಸಿಕೊಂಡರೆ ಸಿಟ್ರೇಟ್‌ಗೆ ಬದಲಾಯಿಸಿ, ಅದಕ್ಕೆ ಊಟದ ಹಂಗಿಲ್ಲ.

ತೊಂದರೆ ಬಂದ ದಿನ ಬರೆದಿಡಬೇಕಾದದ್ದು

‘ಆ ಬಿಳಿ ಮಾತ್ರೆ ಆಗಿಬರಲ್ಲ’ ಎಂದರೆ ವೈದ್ಯರಿಗೆ ಏನೂ ತಿಳಿಯದು. ಔಷಧದ ಹೆಸರು, ಮಿ.ಗ್ರಾಂ., ಬ್ಯಾಚ್ ಸಂಖ್ಯೆ, ತೆಗೆದುಕೊಂಡ ತಾರೀಖು ಮತ್ತು ಗಂಟೆ, ತೊಂದರೆ ಶುರುವಾದ ಗಂಟೆ, ಎಷ್ಟು ಹೊತ್ತಿಗೆ ಇಳಿಯಿತು, ಅದೇ ದಿನ ಇನ್ನೇನೇನು ನುಂಗಿದಿರಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸ್ಟ್ರಿಪ್ ಅಥವಾ ಪೆನ್ನಿನ ಫೋಟೊ ತೆಗೆದಿಡಿ. ಗಂಭೀರವಾದದ್ದಾದರೆ ಭಾರತದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮಕ್ಕೆ ರೋಗಿಯೇ ನೇರವಾಗಿ ತಿಳಿಸಬಹುದು. ಶುಲ್ಕವಿಲ್ಲದ ಸಹಾಯವಾಣಿ 1800-180-3024. ಅವರು ಮೊದಲು ಕೇಳುವುದೂ ಈ ವಿವರಗಳನ್ನೇ, ಆದ್ದರಿಂದ ಫೋನ್ ಮಾಡುವಾಗ ಆ ಹಾಳೆ ಕೈಯಲ್ಲಿರಲಿ.